ವಿಕಿರಣ ಚಿಕಿತ್ಸೆಯ ನಂತರದ ಶ್ವಾಸಕೋಶದ ಉರಿಯೂತ: ಮೊದಲೇ ಶ್ವಾಸಕೋಶದ ಕಾಯಿಲೆ ಇರುವವರಿಗೆ ಒಂದು ಕೈಪಿಡಿ

ಎದೆಗೆ ವಿಕಿರಣ ಚಿಕಿತ್ಸೆ ಪಡೆದವರ ಶ್ವಾಸಕೋಶದಲ್ಲಿ ಆ ಬಳಿಕ ಕಾಣಿಸಿಕೊಳ್ಳುವ ಉರಿಯೂತವನ್ನು ವೈದ್ಯರು ರೇಡಿಯೇಷನ್ ನ್ಯುಮೋನೈಟಿಸ್ ಎಂದು ಕರೆಯುತ್ತಾರೆ. ಹೆಸರು ನ್ಯುಮೋನಿಯಾವನ್ನು ಹೋಲಿದರೂ ಇದು ಸೋಂಕಲ್ಲ. ವಿಕಿರಣದಿಂದ ಗಾಸಿಗೊಂಡ ಗಾಳಿಗೂಡುಗಳು ರೋಗಾಣುವಿನ ನೆರವಿಲ್ಲದೆ, ತಾವಾಗಿಯೇ ಕೆರಳುವ ಸ್ಥಿತಿ ಇದು. ಚಿಕಿತ್ಸೆ ನಡೆಯುತ್ತಿರುವ ವಾರಗಳಲ್ಲಿ ಇದು ತಲೆದೋರುವುದು ಅಪರೂಪ. ಚಿಕಿತ್ಸೆ ಮುಗಿದು, ದಿನವೂ ಆಸ್ಪತ್ರೆಗೆ ಹೋಗುವ ಓಡಾಟ ನಿಂತು, ರೋಗಿಯೂ ಮನೆಯವರೂ ನಿರಾಳರಾದ ಮೇಲೆ, ಸಾಮಾನ್ಯವಾಗಿ ಒಂದರಿಂದ ಆರು ತಿಂಗಳ ನಡುವೆ ಅದು ಮೆಲ್ಲಗೆ ಆರಂಭವಾಗುತ್ತದೆ.

ಮೊದಲೇ ಸಿ.ಒ.ಪಿ.ಡಿ. (ಶ್ವಾಸನಾಳಗಳು ದೀರ್ಘಕಾಲ ಕಿರಿದಾಗಿ ಉಸಿರಾಟಕ್ಕೆ ತಡೆಯಾಗುವ ಕಾಯಿಲೆ), ಎಂಫಿಸಿಮಾ (ಗಾಳಿಗೂಡುಗಳ ಗೋಡೆಗಳು ನಶಿಸುವ ಕಾಯಿಲೆ) ಅಥವಾ ಶ್ವಾಸಕೋಶ ನಾರುಗಟ್ಟುವ ಕಾಯಿಲೆ ಇರುವವರಿಗೆ ಇದರ ಜೊತೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಕೆಮ್ಮು, ಏದುಸಿರು, ಆಯಾಸ ಅವರಿಗೆ ಹೊಸದಲ್ಲ. ಆದ್ದರಿಂದ ಹೊಸದಾಗಿ ಬಂದ ದಮ್ಮನ್ನೂ ಹಳೆಯ ಕಾಯಿಲೆಯ ಲೆಕ್ಕಕ್ಕೆ ಹಾಕಿ, ಇನ್‌ಹೇಲರನ್ನು ಎರಡು ಸಲ ಹೆಚ್ಚಾಗಿ ಎಳೆದು, ಮುಂದಿನ ತಪಾಸಣೆಯ ದಿನದವರೆಗೆ ಕಾಯುತ್ತಾರೆ. ಬೇಗ ಗುರುತಿಸಿದರೆ ಮಾತ್ರೆಗಳಲ್ಲಿ ಹತೋಟಿಗೆ ಬರಬಹುದಾಗಿದ್ದ ಉರಿಯೂತವು ಆಮ್ಲಜನಕದ ಅಗತ್ಯ ಬೀಳುವ ಹಂತಕ್ಕೆ ತಲುಪುವುದಕ್ಕೆ ಹಲವು ವೇಳೆ ಇದೇ ಕಾರಣವಾಗುತ್ತದೆ. ಈ ಬರಹದ ಉದ್ದೇಶ ಆ ಕಾಯುವಿಕೆಯನ್ನು ತಪ್ಪಿಸುವುದು. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಬಳಿ ಯಾವ ಮಾಹಿತಿಯೊಂದಿಗೆ, ಎಷ್ಟು ಬೇಗ ಹೋಗಬೇಕು ಎಂಬುದರ ಸಿದ್ಧತೆ ಮಾತ್ರ.

ಶ್ವಾಸಕೋಶದೊಳಗೆ ಏನಾಗುತ್ತದೆ

ಗಾಳಿಗೂಡುಗಳ ಒಳಗೋಡೆಯಲ್ಲಿ ಎರಡು ಬಗೆಯ ಜೀವಕೋಶಗಳಿರುತ್ತವೆ. ಅವುಗಳಲ್ಲಿ ಎರಡನೆಯ ಬಗೆಯವು ಸರ್ಫ್ಯಾಕ್ಟಂಟ್ ಎಂಬ ಜಾರುದ್ರವವನ್ನು ಸ್ರವಿಸಿ, ಉಸಿರು ಬಿಟ್ಟಾಗ ಗೂಡುಗಳು ಕುಸಿದು ಅಂಟಿಕೊಳ್ಳದಂತೆ ಕಾಯುತ್ತವೆ. ಗೋಡೆಗೆ ಪೆಟ್ಟಾದಾಗ ಅದನ್ನು ದುರಸ್ತಿ ಮಾಡುವುದೂ ಅವುಗಳದೇ ಕೆಲಸ. ವಿಕಿರಣವು ಈ ಕೋಶಗಳನ್ನೂ ಸುತ್ತಲಿನ ಸೂಕ್ಷ್ಮ ರಕ್ತನಾಳಗಳ ಒಳಪದರವನ್ನೂ ಘಾಸಿಗೊಳಿಸುತ್ತದೆ. ಆಗ ರಕ್ತನಾಳಗಳಿಂದ ದ್ರವ ಸೋರುತ್ತದೆ, ಬಿಳಿ ರಕ್ತಕಣಗಳು ಜಮಾಯಿಸುತ್ತವೆ, ಉರಿಯೂತವನ್ನು ಹೆಚ್ಚಿಸುವ ರಾಸಾಯನಿಕ ಸಂದೇಶಗಳು ಹರಡುತ್ತವೆ. ಅವುಗಳಲ್ಲಿ ಟಿ.ಜಿ.ಎಫ್.-ಬೀಟಾ ಎಂಬುದು ನಾರುಗಟ್ಟಿಸುವ ಕೋಶಗಳನ್ನು ಎಬ್ಬಿಸುತ್ತದೆ. ಈ ಸರಣಿ ಒಂದೆರಡು ದಿನಗಳಲ್ಲಿ ಮುಗಿಯುವುದಿಲ್ಲ, ವಾರಗಟ್ಟಲೆ ಸದ್ದಿಲ್ಲದೆ ಸಾಗುತ್ತದೆ. ಚಿಕಿತ್ಸೆ ಮುಗಿದು ಬಹಳ ದಿನಗಳಾದ ಮೇಲೆ ಲಕ್ಷಣಗಳು ಬರುವುದು ಇದೇ ಕಾರಣಕ್ಕೆ. ಉರಿಯೂತ ಇಳಿದ ಜಾಗದಲ್ಲಿ ಆರು ತಿಂಗಳ ನಂತರ ಗಾಯದ ಕಲೆಯಂತಹ ನಾರು ಉಳಿಯಬಹುದು. ಇದನ್ನು ಫೈಬ್ರೋಸಿಸ್ ಎನ್ನುತ್ತಾರೆ.

ಆರೋಗ್ಯವಂತ ಶ್ವಾಸಕೋಶದಲ್ಲಿ ಒಂದು ಮೂಲೆ ಹೀಗೆ ಕೆಟ್ಟರೂ ಉಳಿದ ಭಾಗ ಅದರ ಹೊರೆಯನ್ನು ಹೊರುತ್ತದೆ. ಮೊದಲೇ ಸೊರಗಿರುವ ಶ್ವಾಸಕೋಶದಲ್ಲಿ ಆ ಮೀಸಲು ಇರುವುದಿಲ್ಲ. ಅದೇ ಅಳತೆಯ ಉರಿಯೂತ ಒಬ್ಬರಿಗೆ ಒಣಕೆಮ್ಮಾಗಿ ಮುಗಿದುಹೋದರೆ ಇನ್ನೊಬ್ಬರನ್ನು ಹಾಸಿಗೆಗೆ ಕೆಡವಬಹುದು.

ಎಲ್ಲ ಶ್ವಾಸಕೋಶದ ಕಾಯಿಲೆಗಳ ಅಪಾಯ ಒಂದೇ ಅಲ್ಲ

ಅತ್ಯಂತ ಹೆಚ್ಚಿನ ಎಚ್ಚರ ಬೇಕಿರುವುದು ಐ.ಎಲ್.ಡಿ. ಇರುವವರಲ್ಲಿ, ಅಂದರೆ ಗಾಳಿಗೂಡುಗಳ ನಡುವಿನ ಅಂಗಾಂಶ ಊದಿಕೊಂಡು ನಾರುಗಟ್ಟುವ ಕಾಯಿಲೆಗಳ ಗುಂಪಿನಲ್ಲಿ. ಅದರಲ್ಲಿಯೂ ಕಾರಣ ತಿಳಿಯದೆ ಬರುವ ಐ.ಪಿ.ಎಫ್. ಎಲ್ಲಕ್ಕಿಂತ ಅಪಾಯಕಾರಿ. ಇವರಲ್ಲಿ ಉರಿಯೂತ ವಿಕಿರಣ ಬಿದ್ದ ಜಾಗದಲ್ಲಿಯೇ ನಿಲ್ಲದೆ ಎರಡೂ ಶ್ವಾಸಕೋಶಗಳಿಗೆ ಹರಡಿ, ಕಾಯಿಲೆಯನ್ನೇ ಒಮ್ಮೆಗೇ ಉಲ್ಬಣಗೊಳಿಸುವ ಸಂಭವವಿದೆ. ಐ.ಎಲ್.ಡಿ. ಇರುವವರಿಗೆ ಗಡ್ಡೆಯ ಮೇಲಷ್ಟೇ ಹೆಚ್ಚಿನ ವಿಕಿರಣವನ್ನು ಕೇಂದ್ರೀಕರಿಸುವ ಸ್ಟೀರಿಯೋಟ್ಯಾಕ್ಟಿಕ್ ಚಿಕಿತ್ಸೆ ಕೊಟ್ಟ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಒಂದು ವಿಮರ್ಶೆಯಲ್ಲಿ, ಚಿಕಿತ್ಸೆಯಿಂದಲೇ ಸಂಭವಿಸಿದ ಸಾವು ಸುಮಾರು ಶೇ. 15ರಷ್ಟಿತ್ತು. ಆ ಅಂಕಿ ನೋಡಿ ಎದೆಗುಂದಬೇಕಾಗಿಲ್ಲ. ಇಂಥ ರೋಗಿಗಳಿಗೆಂದೇ ರೂಪಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದ ಆಸ್ಪೈರ್-ಐ.ಎಲ್.ಡಿ. ಪ್ರಯೋಗದಲ್ಲಿ 39 ಮಂದಿಗೆ ದಿನ ಬಿಟ್ಟು ದಿನ ಐದು ಕಂತುಗಳಲ್ಲಿ ಒಟ್ಟು 50 ಗ್ರೇ (ದೇಹ ಹೀರಿಕೊಳ್ಳುವ ವಿಕಿರಣದ ಅಳತೆ) ವಿಕಿರಣ ಕೊಡಲಾಯಿತು. ಒಂದು ವರ್ಷದ ನಂತರ ಶೇ. 79ರಷ್ಟು ಮಂದಿ ಬದುಕಿದ್ದರು, ಚಿಕಿತ್ಸೆಗೆ ಸಂಬಂಧಿಸಿದ ಸಾವು ಶೇ. 7.7ರಷ್ಟಿತ್ತು. ಚಿಕಿತ್ಸೆ ಅಸಾಧ್ಯವಲ್ಲ, ಆದರೆ ಅದು ಸಹಿ ಹಾಕುವ ಮೊದಲು ಕುಳಿತು ಮಾತನಾಡಬೇಕಾದ ವಿಷಯ ಎಂಬುದನ್ನು ಈ ಎರಡು ಅಂಕಿಗಳು ಒಟ್ಟಾಗಿ ಹೇಳುತ್ತವೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಐ.ಎಲ್.ಡಿ. ಇದೆಯೆಂದು ಯಾರೂ ಹೇಳಿಲ್ಲದವರ ಸ್ಕ್ಯಾನಿನಲ್ಲಿಯೂ ಶ್ವಾಸಕೋಶದ ಅಡಿಭಾಗದ ಅಂಚುಗಳಲ್ಲಿ ಬಲೆಯಂತಹ ಗೆರೆಗಳು ಕಾಣುವುದುಂಟು. ರೋಗಿಗೆ ಯಾವ ತೊಂದರೆಯೂ ಇರದಿದ್ದರೂ ಈ ಗೆರೆಗಳು ಮುಂದಿನ ಉರಿಯೂತದ ಮುನ್ಸೂಚನೆಯಾಗಬಲ್ಲವು. ಗಡ್ಡೆಯನ್ನು ಅಳೆಯುವ ಭರದಲ್ಲಿ ವರದಿಯ ಕೊನೆಯ ಸಾಲುಗಳಲ್ಲಿ ಸೇರಿಹೋಗುವ ಈ ಮಾತನ್ನು ರೋಗಿಯ ಕಡೆಯವರೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಸ್ಕ್ಲೀರೋಡರ್ಮಾದಂತಹ ಸಂಯೋಜಕ ಅಂಗಾಂಶದ ಕಾಯಿಲೆ ಇರುವವರೂ ಅದನ್ನು ಮುಚ್ಚಿಡದೆ ತಿಳಿಸಬೇಕು.

ಸಿ.ಒ.ಪಿ.ಡಿ.ಯ ವಿಷಯ ಇಷ್ಟು ನೇರವಾಗಿಲ್ಲ. ಕೆಲವು ಅಧ್ಯಯನಗಳು ಅಪಾಯ ಹೆಚ್ಚೆಂದರೆ, ಇನ್ನು ಕೆಲವು ತೀವ್ರ ಎಂಫಿಸಿಮಾದಲ್ಲಿ ಉರಿಯೂತಗೊಳ್ಳಲು ಬೇಕಾದ ಅಂಗಾಂಶವೇ ಕಡಿಮೆಯಾಗಿರುವುದರಿಂದ ಅಪಾಯ ತುಸು ತಗ್ಗಬಹುದೆನ್ನುತ್ತವೆ. ಚಿಕಿತ್ಸೆಯ ಸಮಯದಲ್ಲಿ ಧೂಮಪಾನ ಮಾಡುತ್ತಿದ್ದವರಲ್ಲಿ ನ್ಯುಮೋನೈಟಿಸ್ ಕಡಿಮೆ ಕಂಡುಬಂದಿರುವುದೂ ನಿಜ. ಇದನ್ನು ಎಲ್ಲೋ ಓದಿ ಸಿಗರೇಟನ್ನು ಮುಂದುವರಿಸಲು ನೆಪ ಮಾಡಿಕೊಳ್ಳುವವರಿದ್ದಾರೆ. ಅದು ಶುದ್ಧ ಅವಿವೇಕ. ಧೂಮಪಾನವು ವಿಕಿರಣದ ಪರಿಣಾಮವನ್ನು ಕುಗ್ಗಿಸುತ್ತದೆ, ಸೋಂಕನ್ನು ಹೆಚ್ಚಿಸುತ್ತದೆ, ಇರುವ ಮೀಸಲನ್ನೂ ತಿಂದುಹಾಕುತ್ತದೆ. ಸಿ.ಒ.ಪಿ.ಡಿ. ಇರುವವರ ಮಟ್ಟಿಗೆ ಉರಿಯೂತ ಬರುತ್ತದೆಯೇ ಎಂಬುದಕ್ಕಿಂತ, ಬಂದರೆ ತಡೆದುಕೊಳ್ಳುವಷ್ಟು ಮೀಸಲಿದೆಯೇ ಎಂಬ ಪ್ರಶ್ನೆ ದೊಡ್ಡದು.

ಕಾಯಿಲೆಯ ಹೊರತಾಗಿ ಅಪಾಯವನ್ನು ಏರಿಸುವ ಬೇರೆ ಕಾರಣಗಳೂ ಇವೆ: 65 ದಾಟಿದ ವಯಸ್ಸು, ಶ್ವಾಸಕೋಶದ ಕೆಳಭಾಗದಲ್ಲಿರುವ ಗಡ್ಡೆ, ವಿಕಿರಣದ ಜೊತೆಯಲ್ಲೇ ಕೊಡುವ ಕೆಮೋಥೆರಪಿ. ಕೆಮೋಥೆರಪಿಯಲ್ಲಿ ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಜೋಡಿಯ ಹೆಸರು ಈ ವಿಷಯದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಸ್ತನದ ಕ್ಯಾನ್ಸರಿಗೆ ವಿಕಿರಣ ಪಡೆಯುವವರಲ್ಲಿ ಶ್ವಾಸಕೋಶದ ಸಣ್ಣ ಭಾಗವಷ್ಟೇ ಕಿರಣದ ಹಾದಿಗೆ ಬರುವುದರಿಂದ ಅಪಾಯ ಬಹಳ ಕಡಿಮೆ. ಆದರೆ ಐ.ಎಲ್.ಡಿ. ಇದ್ದರೆ ಅವರೂ ಇದೇ ಎಚ್ಚರವನ್ನು ಪಾಲಿಸಬೇಕು.

ಚಿಕಿತ್ಸೆ ಆರಂಭವಾಗುವ ಮೊದಲು

ಈ ಕೈಪಿಡಿಯಲ್ಲಿ ಒಂದನ್ನಷ್ಟೇ ಪಾಲಿಸುವುದಾದರೆ, ಚಿಕಿತ್ಸೆಗೆ ಮುನ್ನ ನಿಮ್ಮ ಉಸಿರಾಟದ ಸ್ಥಿತಿ ಹೇಗಿತ್ತು ಎಂಬುದನ್ನು ಅಂಕಿಗಳಲ್ಲಿ ಬರೆದಿಟ್ಟುಕೊಳ್ಳುವುದನ್ನು ಪಾಲಿಸಿ. ಮೂರು ತಿಂಗಳ ನಂತರ ವೈದ್ಯರು ಕೇಳುವ ಮೊದಲ ಪ್ರಶ್ನೆ "ಮೊದಲಿಗಿಂತ ಹೆಚ್ಚಾಗಿದೆಯೇ?" ಎಂಬುದು. ಮೊದಲು ಎಷ್ಟಿತ್ತೆಂದು ತಿಳಿಯದವರ ಬಳಿ ಅದಕ್ಕೆ ಉತ್ತರವಿರುವುದಿಲ್ಲ.

ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳಬೇಕಾದ ಪರೀಕ್ಷೆಗಳಲ್ಲಿ ಮೊದಲನೆಯದು ಸ್ಪೈರೋಮೆಟ್ರಿ. ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆ ಎಂಬುದನ್ನು ಅದು ಅಳೆಯುತ್ತದೆ. ಎರಡನೆಯದು ಡಿ.ಎಲ್.ಸಿ.ಒ.; ಗಾಳಿಗೂಡಿನಿಂದ ರಕ್ತಕ್ಕೆ ಅನಿಲ ಎಷ್ಟು ಸಲೀಸಾಗಿ ದಾಟುತ್ತದೆ ಎಂಬುದನ್ನು ಇದು ತೋರಿಸುತ್ತದೆ. ನಾರುಗಟ್ಟುವ ಕಾಯಿಲೆಯಲ್ಲಿ ಸ್ಪೈರೋಮೆಟ್ರಿ ಅಷ್ಟೇನೂ ಕೆಡದಿರುವಾಗಲೂ ಡಿ.ಎಲ್.ಸಿ.ಒ. ಕುಸಿದಿರಬಹುದು. ಹಾಗಾಗಿ ಮೊದಲನೆಯದೊಂದನ್ನೇ ಮಾಡಿ ಕಳುಹಿಸಿದರೆ ಎರಡನೆಯದನ್ನು ಕೇಳುವುದರಲ್ಲಿ ಸಂಕೋಚ ಬೇಡ. ಆರು ನಿಮಿಷಗಳ ನಡಿಗೆ ಪರೀಕ್ಷೆ ಮತ್ತು ಹೈ-ರೆಸಲ್ಯೂಷನ್ ಸಿ.ಟಿ. ಸ್ಕ್ಯಾನ್ ಇವುಗಳ ಜೊತೆಗಿದ್ದರೆ ಚಿತ್ರ ಪೂರ್ಣವಾಗುತ್ತದೆ. ಸ್ಕ್ಯಾನಿನ ವರದಿಯ ಹಾಳೆಯಷ್ಟೇ ಅಲ್ಲ, ಚಿತ್ರಗಳಿರುವ ಸಿ.ಡಿ.ಯನ್ನೂ ಪಡೆದು ಜೋಪಾನವಾಗಿಡಿ.

ನಿಮ್ಮ ಶ್ವಾಸಕೋಶದ ತಜ್ಞರೂ ವಿಕಿರಣ ತಜ್ಞರೂ ಬೇರೆ ಬೇರೆ ಆಸ್ಪತ್ರೆಗಳಲ್ಲಿದ್ದರೆ, ಅವರಿಬ್ಬರೂ ತಾವಾಗಿಯೇ ಮಾತನಾಡಿಕೊಂಡಿರುತ್ತಾರೆಂದು ಭಾವಿಸಬೇಡಿ. ಒಬ್ಬರ ಪತ್ರವನ್ನು ಇನ್ನೊಬ್ಬರಿಗೆ ತಲುಪಿಸುವ ಹೊಣೆಯನ್ನು ಮನೆಯವರೊಬ್ಬರು ವಹಿಸಿಕೊಳ್ಳುವುದು ಉಚಿತ. ನೀವು ಸೇವಿಸುತ್ತಿರುವ ಎಲ್ಲ ಔಷಧಿಗಳ ಪಟ್ಟಿಯನ್ನೂ ಕೊಡಿ. ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್, ಮೂತ್ರದ ಸೋಂಕಿಗೆ ದೀರ್ಘಕಾಲ ಕೊಡುವ ನೈಟ್ರೋಫ್ಯುರಾಂಟೊಯಿನ್ ಮುಂತಾದವು ತಾವಾಗಿಯೇ ಶ್ವಾಸಕೋಶವನ್ನು ಕೆರಳಿಸಬಲ್ಲವು. ಅವುಗಳನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ. ವೈದ್ಯರ ಗಮನಕ್ಕೆ ತಂದರೆ ಸಾಕು. ನಾರುಗಟ್ಟುವಿಕೆಯನ್ನು ನಿಧಾನಗೊಳಿಸುವ ಪಿರ್ಫೆನಿಡೋನ್ ಅಥವಾ ನಿಂಟೆಡಾನಿಬ್ ತೆಗೆದುಕೊಳ್ಳುತ್ತಿದ್ದರೆ, ವಿಕಿರಣದ ವಾರಗಳಲ್ಲಿ ಅದನ್ನು ಮುಂದುವರಿಸಬೇಕೇ ಎಂಬುದನ್ನು ಇಬ್ಬರು ತಜ್ಞರೂ ಸೇರಿ ತೀರ್ಮಾನಿಸಲಿ. ಫ್ಲೂ ಮತ್ತು ನ್ಯುಮೊಕೋಕಸ್ ಲಸಿಕೆಗಳನ್ನು ಯಾವಾಗ ಹಾಕಿಸಿಕೊಳ್ಳಬೇಕೆಂದು ಇದೇ ಹೊತ್ತಿನಲ್ಲಿ ಕೇಳಿಬಿಡಿ.

ವಿಕಿರಣ ತಜ್ಞರನ್ನು ಕೇಳಬೇಕಾದ ಪ್ರಶ್ನೆಗಳು

ಚಿಕಿತ್ಸೆಯ ಯೋಜನೆ ಸಿದ್ಧವಾದಾಗ ಕಂಪ್ಯೂಟರು ಎರಡು ಅಂಕಿಗಳನ್ನು ಕೊಡುತ್ತದೆ. ಒಂದು ವಿ-20, ಅಂದರೆ ಶ್ವಾಸಕೋಶದ ಒಟ್ಟು ಗಾತ್ರದಲ್ಲಿ 20 ಗ್ರೇ ಅಥವಾ ಅದಕ್ಕಿಂತ ಹೆಚ್ಚಿನ ವಿಕಿರಣ ಬೀಳುವ ಭಾಗದ ಶೇಕಡಾವಾರು. ಇನ್ನೊಂದು ಇಡೀ ಶ್ವಾಸಕೋಶಕ್ಕೆ ಬೀಳುವ ವಿಕಿರಣದ ಸರಾಸರಿ. ದಿನಕ್ಕೊಂದರಂತೆ ಹಲವು ವಾರಗಳ ಕಾಲ ಕೊಡುವ ರೂಢಿಯ ಚಿಕಿತ್ಸೆಯಲ್ಲಿ ವಿ-20 ಅನ್ನು ಶೇ. 30ರಿಂದ 35ರ ಒಳಗೆ, ಸರಾಸರಿಯನ್ನು 20ರಿಂದ 23 ಗ್ರೇ ಒಳಗೆ ಇರಿಸಿದರೆ ನ್ಯುಮೋನೈಟಿಸ್ ಸಂಭವವನ್ನು ಶೇ. 20ಕ್ಕೆ ಮೀರದಂತೆ ನೋಡಿಕೊಳ್ಳಬಹುದೆಂದು 2010ರ ಕ್ವಾಂಟೆಕ್ ಮಾರ್ಗಸೂಚಿ ಹೇಳುತ್ತದೆ. ಆದರೆ ಈ ಮಿತಿಗಳು ಹೆಚ್ಚಾಗಿ ಐ.ಎಲ್.ಡಿ. ಇಲ್ಲದವರ ಅನುಭವದಿಂದ ಬಂದವು. ಆದ್ದರಿಂದ "ಮಿತಿಯೊಳಗಿದೆ" ಎಂಬ ಉತ್ತರಕ್ಕೆ ತೃಪ್ತರಾಗದೆ, "ನನ್ನ ಶ್ವಾಸಕೋಶದ ಸ್ಥಿತಿಗೆ ಇದನ್ನು ಇನ್ನಷ್ಟು ತಗ್ಗಿಸಲು ಸಾಧ್ಯವೇ?" ಎಂದು ಕೇಳಿ.

ತಗ್ಗಿಸುವ ದಾರಿಗಳಿವೆ. ಉಸಿರಿನೊಂದಿಗೆ ಗಡ್ಡೆ ಎಷ್ಟು ಅಲುಗಾಡುತ್ತದೆ ಎಂಬುದನ್ನು ಸೆರೆಹಿಡಿಯುವ 4-ಡಿ ಸಿ.ಟಿ., ಉಸಿರನ್ನು ಬಿಗಿಹಿಡಿದ ಕ್ಷಣದಲ್ಲಿ ಮಾತ್ರ ಕಿರಣ ಹಾಯಿಸುವ ವಿಧಾನ, ಕಿರಣದ ತೀವ್ರತೆಯನ್ನು ಗಡ್ಡೆಯ ಆಕಾರಕ್ಕೆ ತಕ್ಕಂತೆ ಬದಲಿಸುವ ಐ.ಎಂ.ಆರ್.ಟಿ. ಇವೆಲ್ಲವೂ ಆರೋಗ್ಯವಂತ ಭಾಗವನ್ನು ಉಳಿಸಲು ನೆರವಾಗುತ್ತವೆ. ಆರ್.ಟಿ.ಒ.ಜಿ. 0617 ಎಂಬ ದೊಡ್ಡ ಪ್ರಯೋಗದಲ್ಲಿ ಐ.ಎಂ.ಆರ್.ಟಿ. ಪಡೆದವರಲ್ಲಿ ತೀವ್ರ ನ್ಯುಮೋನೈಟಿಸ್ ಶೇ. 3.5ರಷ್ಟಿದ್ದರೆ, ಹಳೆಯ 3-ಡಿ ವಿಧಾನದಲ್ಲಿ ಅದು ಶೇ. 7.9ರಷ್ಟಿತ್ತು. ದಮ್ಮಿನ ಕಾಯಿಲೆ ಇರುವವರಿಗೆ ಉಸಿರು ಬಿಗಿಹಿಡಿಯುವುದು ಕಷ್ಟವಾಗಬಹುದು. ಹಾಗಾದರೆ ಅದನ್ನು ತಂತ್ರಜ್ಞರಿಗೆ ಮೊದಲ ದಿನವೇ ಹೇಳಿ. ಕಷ್ಟಪಟ್ಟು ಹಿಡಿದ ಉಸಿರು ನಡುವೆ ತಪ್ಪಿದರೆ ಗುರಿಯೂ ತಪ್ಪುತ್ತದೆ.

ಇನ್ನೂ ಒಂದು ಪ್ರಶ್ನೆ ಕೇಳಲು ಕಷ್ಟವಾದದ್ದು, ಆದರೂ ಕೇಳಲೇಬೇಕಾದದ್ದು: ವಿಕಿರಣ ಕೊಡದಿದ್ದರೆ ಏನಾಗುತ್ತದೆ? ಮುಂದುವರಿದ ಐ.ಪಿ.ಎಫ್. ಇರುವ ವಯೋವೃದ್ಧರಲ್ಲಿ ನಿಧಾನವಾಗಿ ಬೆಳೆಯುವ ಸಣ್ಣ ಗಡ್ಡೆಗಿಂತ ಮೊದಲಿನ ಕಾಯಿಲೆಯೇ ಹೆಚ್ಚು ಆತಂಕಕಾರಿಯಾಗಿರುವ ಸಂದರ್ಭಗಳಿವೆ. ಅಂಥವರಿಗೆ ಗಡ್ಡೆಯ ಮೇಲೆ ಕಣ್ಣಿಟ್ಟು ಕಾಯುವುದೂ ಒಂದು ಚಿಕಿತ್ಸಾ ನಿರ್ಧಾರವೇ.

ಚಿಕಿತ್ಸೆ ನಡೆಯುವ ವಾರಗಳು

ಈ ಅವಧಿಯಲ್ಲಿ ಮಾಡಬೇಕಾದದ್ದು ಹೆಚ್ಚೇನಿಲ್ಲ. ಇನ್‌ಹೇಲರುಗಳನ್ನು ತಪ್ಪಿಸದೆ ಬಳಸಿ, ಶಕ್ತಿಗೆ ತಕ್ಕಷ್ಟು ನಡೆಯಿರಿ, ತೂಕ ಇಳಿಯದಂತೆ ನೋಡಿಕೊಳ್ಳಿ. ನುಂಗುವಾಗ ಎದೆಯಲ್ಲಿ ನೋವು ಬಂದರೆ ಅದು ಸಾಮಾನ್ಯವಾಗಿ ಅನ್ನನಾಳದ ಉರಿಯೂತ; ಶ್ವಾಸಕೋಶದ್ದಲ್ಲ. ನ್ಯುಮೋನೈಟಿಸ್ ಬರದಿರಲೆಂದು ಮುಂಚಿತವಾಗಿಯೇ ಸ್ಟೀರಾಯ್ಡ್ ಅಥವಾ ಆಂಟಿಬಯಾಟಿಕ್ ನುಂಗುವುದು ರೂಢಿಯ ಚಿಕಿತ್ಸೆಯಲ್ಲ; ಮನೆಯಲ್ಲಿ ಉಳಿದಿರುವ ಮಾತ್ರೆಗಳನ್ನು ಹಾಗೆ ಬಳಸಬೇಡಿ.

ಮನೆಯಲ್ಲಿ ಗಮನಿಸಿಕೊಳ್ಳುವ ಬಗೆ

ಕೊನೆಯ ಕಂತು ಮುಗಿದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಅಲ್ಲಿಂದ ಆರು ತಿಂಗಳು ಎಣಿಸಿ. ನಾಲ್ಕನೇ ವಾರದಿಂದ ಹನ್ನೆರಡನೇ ವಾರದವರೆಗಿನ ಭಾಗಕ್ಕೆ ಬೇರೆ ಬಣ್ಣ ಹಚ್ಚಿ. ಹೆಚ್ಚಿನವರಲ್ಲಿ ತೊಂದರೆ ಶುರುವಾಗುವುದು ಆಗ. ಸ್ಟೀರಿಯೋಟ್ಯಾಕ್ಟಿಕ್ ಚಿಕಿತ್ಸೆಯ ನಂತರ ಅದು ಇನ್ನೂ ತಡವಾಗಿ, ನಾಲ್ಕೈದು ತಿಂಗಳ ಹೊತ್ತಿಗೆ ಬರುವುದುಂಟು. ಮೂರು ತಿಂಗಳು ಸುಸೂತ್ರವಾಗಿ ಕಳೆಯಿತೆಂದು ಬರೆಯುವುದನ್ನು ನಿಲ್ಲಿಸಬಾರದು.

ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲಿನಂತೆ ನಾಲ್ಕು ಸಂಗತಿಗಳನ್ನು ಬರೆಯುವುದು ಸಾಕಾಗುತ್ತದೆ: ಕೂತಿರುವಾಗಿನ ಆಮ್ಲಜನಕದ ಅಂಕಿ, ನಡೆದ ಮೇಲಿನ ಅಂಕಿ, ದೇಹದ ಉಷ್ಣತೆ, ಕೆಮ್ಮು ಹೇಗಿತ್ತೆಂಬುದರ ಒಂದೆರಡು ಮಾತು. ಚಿಕಿತ್ಸೆಗೆ ಎರಡು ವಾರ ಮೊದಲೇ ಈ ಬರವಣಿಗೆಯನ್ನು ಶುರುಮಾಡಿದರೆ ಹೋಲಿಸಲು ನಿಮ್ಮದೇ ಆಧಾರ ಸಿಗುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಬಳಸುವ ಮೊದಲು ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ, ಉಗುರಿನ ಬಣ್ಣವನ್ನು ಅಳಿಸಿ, ಅಂಕಿ ಸ್ಥಿರವಾಗುವವರೆಗೆ ಅರ್ಧ ಅಥವಾ ಒಂದು ನಿಮಿಷ ಕಾದು ನಂತರ ಬರೆದುಕೊಳ್ಳಿ. ಕಪ್ಪು ಚರ್ಮದವರಲ್ಲಿ ಈ ಉಪಕರಣ ನಿಜಕ್ಕಿಂತ ತುಸು ಹೆಚ್ಚಿನ ಅಂಕಿ ತೋರಿಸುವ ಸಾಧ್ಯತೆಯಿದೆ. ಹಾಗಾಗಿ ಒಂದು ದಿನದ ಅಂಕಿಗಿಂತ ದಿನದಿಂದ ದಿನಕ್ಕೆ ಆಗುವ ಇಳಿತಕ್ಕೆ ಬೆಲೆ ಹೆಚ್ಚು.

ನಡಿಗೆಯ ನಂತರದ ಅಂಕಿಯನ್ನು ಬಿಡಬೇಡಿ. ನನ್ನ ದೃಷ್ಟಿಯಲ್ಲಿ ನಾಲ್ಕರಲ್ಲಿ ಅತಿ ಮುಖ್ಯವಾದದ್ದು ಅದು. ಶ್ವಾಸಕೋಶ ಕೆಡಲು ಶುರುವಾದಾಗ ಕೂತಿದ್ದಾಗಿನ ಅಂಕಿ ಹಲವು ದಿನ ಮೊದಲಿನಂತೆಯೇ ಇರುತ್ತದೆ, ನಡೆದಾಗ ಮಾತ್ರ ಬೀಳುತ್ತದೆ. ಮನೆಯೊಳಗೇ ಒಂದು ದಾರಿಯನ್ನು ಗೊತ್ತುಮಾಡಿಕೊಂಡು, ದಿನವೂ ಅದೇ ಹೊತ್ತಿಗೆ, ಅದೇ ವೇಗದಲ್ಲಿ ಒಂದು ನಿಮಿಷ ನಡೆದು, ನಿಂತ ತಕ್ಷಣ ನೋಡಿ. ನಡೆದಾಗ ಎರಡು ಅಂಶ ಮಾತ್ರ ಇಳಿಯುತ್ತಿದ್ದವರಿಗೆ ಈಗ ನಾಲ್ಕು ಅಥವಾ ಹೆಚ್ಚು ಇಳಿಯುತ್ತಿದ್ದರೆ, ಮೈಗೆ ಏನೂ ಅನ್ನಿಸದಿದ್ದರೂ ಫೋನ್ ಮಾಡಬೇಕು. ನಡೆದಾಗ ತಲೆಸುತ್ತು ಅಥವಾ ಎದೆನೋವು ಬರುವವರು ಈ ಪರೀಕ್ಷೆಯನ್ನು ಒಬ್ಬರೇ ಮಾಡಕೂಡದು.

ಅಂಕಿಗಳಿಗೆ ಸಿಗದ ಬದಲಾವಣೆಯನ್ನು ಹಿಡಿಯಲು ವೈದ್ಯರು ಏದುಸಿರನ್ನು 0ರಿಂದ 4ರವರೆಗೆ ಅಳೆಯುವ ಒಂದು ಮಾಪನವನ್ನು ಬಳಸುತ್ತಾರೆ. ಕಠಿಣ ಶ್ರಮದಲ್ಲಿ ಮಾತ್ರ ದಮ್ಮು ಬಂದರೆ 0. ಅವಸರದಲ್ಲಿ ನಡೆದಾಗ ಅಥವಾ ಏರು ಹತ್ತುವಾಗ ಬಂದರೆ 1. ಸಮತಟ್ಟಿನಲ್ಲಿಯೂ ಓರಗೆಯವರಿಗಿಂತ ನಿಧಾನವಾಗಿ ನಡೆಯಬೇಕಾದರೆ 2. ಸುಮಾರು ನೂರು ಮೀಟರ್ ನಡೆದು ನಿಲ್ಲಬೇಕಾದರೆ 3. ಬಟ್ಟೆ ಹಾಕಿಕೊಳ್ಳುವಾಗಲೇ ದಮ್ಮು ಬಂದರೆ 4. ವಾರಕ್ಕೊಮ್ಮೆ ಈ ಸಂಖ್ಯೆಯನ್ನು ರೋಗಿಯ ಬದಲು ಜೊತೆಯಲ್ಲಿರುವವರು ಬರೆದರೆ ಉತ್ತಮ. ಬಹುಕಾಲದಿಂದ ದಮ್ಮಿನೊಂದಿಗೆ ಬದುಕಿದವರು ತಿಳಿಯದೆಯೇ ಓಡಾಟವನ್ನು ಕಡಿಮೆ ಮಾಡಿಕೊಂಡು "ಹಾಗೇ ಇದೆ" ಎಂದುಬಿಡುತ್ತಾರೆ. ಮಹಡಿಗೆ ಹತ್ತುವುದನ್ನು ಅವರು ಬಿಟ್ಟು ಹತ್ತು ದಿನವಾಯಿತೆಂಬುದು ಮನೆಯವರ ಕಣ್ಣಿಗೆ ಬಿದ್ದಿರುತ್ತದೆ.

ಯಾವಾಗ ಫೋನ್ ಮಾಡಬೇಕು, ಯಾವಾಗ ಓಡಬೇಕು

ಹೊಸದಾಗಿ ಶುರುವಾದ ಒಣಕೆಮ್ಮು, ಮೊದಲಿಗಿಂತ ಹೆಚ್ಚಿದ ಏದುಸಿರು, ಬಿಟ್ಟು ಬಿಟ್ಟು ಬರುವ ಸಣ್ಣ ಜ್ವರ, ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದಂತಾಗುವುದು, ಕಾರಣವಿಲ್ಲದ ಸುಸ್ತು: ಇವುಗಳಲ್ಲಿ ಯಾವುದೊಂದು ಎರಡು ದಿನ ಮುಂದುವರಿದರೂ ವಿಕಿರಣ ವಿಭಾಗಕ್ಕೆ ತಿಳಿಸಬೇಕು. ಸಿ.ಒ.ಪಿ.ಡಿ. ಇರುವವರು ಒಂದು ವ್ಯತ್ಯಾಸವನ್ನು ಗಮನಿಸಬಹುದು. ಹಳೆಯ ಕಾಯಿಲೆ ಕೆರಳಿದಾಗ ಸಾಮಾನ್ಯವಾಗಿ ಕಫ ಹೆಚ್ಚುತ್ತದೆ, ಬಣ್ಣ ಬದಲಾಗುತ್ತದೆ, ಎದೆಯಲ್ಲಿ ಸುಯ್ಲು ಕೇಳುತ್ತದೆ, ಇನ್‌ಹೇಲರಿನಿಂದ ಅಷ್ಟಿಷ್ಟು ಹಗುರಾಗುತ್ತದೆ. ನ್ಯುಮೋನೈಟಿಸ್‌ನಲ್ಲಿ ಕೆಮ್ಮು ಹೆಚ್ಚಾಗಿ ಒಣಕೆಮ್ಮಾಗಿದ್ದು ಇನ್‌ಹೇಲರಿಗೆ ಜಗ್ಗುವುದಿಲ್ಲ. ಇದು ಸಂಶಯ ಹುಟ್ಟಿಸಲು ಸಾಕು, ತೀರ್ಮಾನಿಸಲು ಸಾಲದು.

ಕೂತಲ್ಲೇ ದಮ್ಮು ಬರುವುದು, ಒಂದು ವಾಕ್ಯವನ್ನು ಪೂರ್ತಿ ಹೇಳಲಾಗದಿರುವುದು, ತುಟಿ ನೀಲಿಗಟ್ಟುವುದು, ಮಾತು ಗೊಂದಲವಾಗುವುದು, ಕೆಮ್ಮಿದಾಗ ರಕ್ತ ಬರುವುದು, ಆಮ್ಲಜನಕದ ಅಂಕಿ 90ಕ್ಕಿಂತ ಕೆಳಗಿಳಿಯುವುದು ಅಥವಾ ಮೊದಲೇ ಕಡಿಮೆ ಇರುವವರಲ್ಲಿ ತಮ್ಮ ಎಂದಿನ ಅಂಕಿಗಿಂತ ನಾಲ್ಕು ಅಂಶ ಬೀಳುವುದು, ಇವು ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಬೇಕಾದ ಸಂದರ್ಭಗಳು. ಒಂದು ಕಾಲು ಊದಿಕೊಂಡು ಅದರ ಬೆನ್ನಿಗೇ ಏಕಾಏಕಿ ಎದೆನೋವು ಮತ್ತು ದಮ್ಮು ಬಂದರೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿರಬಹುದು. ಆಗ ಒಂದು ಗಂಟೆಯೂ ತಡಮಾಡಬಾರದು. ಕೆಮೋಥೆರಪಿ ಪಡೆಯುತ್ತಿರುವವರಿಗೆ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರವೊಂದೇ ಸಾಕು. ಮನೆಯಲ್ಲಿ ಆಮ್ಲಜನಕದ ಯಂತ್ರವಿರುವ ಸಿ.ಒ.ಪಿ.ಡಿ. ರೋಗಿಗಳು ದಮ್ಮು ಹೆಚ್ಚಾಯಿತೆಂದು ತಾವೇ ಹರಿವನ್ನು ಏರಿಸುತ್ತ ಹೋಗಬಾರದು. ಅವರಲ್ಲಿ ಹಲವರಿಗೆ ಗೊತ್ತುಪಡಿಸಿರುವ ಗುರಿ ಶೇ. 88ರಿಂದ 92; ಅದನ್ನು ಮೀರಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಶೇಖರವಾಗಿ ಮಂಪರು ಕವಿಯುವ ಅಪಾಯವಿದೆ.

ಆಸ್ಪತ್ರೆಯಲ್ಲಿ ಹೇಳಬೇಕಾದದ್ದು

ತುರ್ತು ಘಟಕದಲ್ಲಿ ನಿಮ್ಮನ್ನು ಮೊದಲ ಬಾರಿ ನೋಡುವ ವೈದ್ಯರಿಗೆ ನೀವು ಮೂರು ತಿಂಗಳ ಹಿಂದೆ ವಿಕಿರಣ ಪಡೆದದ್ದು ತಿಳಿದಿರುವುದಿಲ್ಲ. ಎಕ್ಸ್‌ರೇಯಲ್ಲಿ ಬಿಳಿ ಮಬ್ಬು ಕಂಡಾಗ ನ್ಯುಮೋನಿಯಾ ಎಂದು ಆಂಟಿಬಯಾಟಿಕ್ ಬರೆಯುವುದು ಸಹಜ. ಅದಕ್ಕಾಗಿ ಬಾಗಿಲಲ್ಲೇ ಮೂರು ಮಾತು ಹೇಳಿ: ಎದೆಗೆ ವಿಕಿರಣ ಮುಗಿದ ದಿನಾಂಕ, ಯಾವ ಬದಿಗೆ ಎಷ್ಟು ಗ್ರೇ ಕೊಟ್ಟರೆಂಬುದು, ಮೊದಲಿದ್ದ ಶ್ವಾಸಕೋಶದ ಕಾಯಿಲೆಯ ಹೆಸರು. ಇದನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡರೆ ಗಾಬರಿಯಲ್ಲಿ ಮರೆಯುವುದಿಲ್ಲ.

ನ್ಯುಮೋನೈಟಿಸ್ ಎಂದು ಖಚಿತಪಡಿಸುವ ಒಂದೇ ಪರೀಕ್ಷೆ ಯಾವುದೂ ಇಲ್ಲ. ಸೋಂಕು, ರಕ್ತದ ಹೆಪ್ಪು, ಹೃದಯದ ವೈಫಲ್ಯ, ಗಡ್ಡೆಯ ಬೆಳವಣಿಗೆ, ಹಳೆಯ ಕಾಯಿಲೆಯ ಉಲ್ಬಣ, ಇವುಗಳನ್ನು ಒಂದೊಂದಾಗಿ ತಳ್ಳಿಹಾಕಿ ವೈದ್ಯರು ಆ ತೀರ್ಮಾನಕ್ಕೆ ಬರುತ್ತಾರೆ. ಸಿ.ಟಿ. ಸ್ಕ್ಯಾನಿನಲ್ಲಿ ಮಬ್ಬು ಗಾಜಿನಂತಹ ನೆರಳು ಶ್ವಾಸಕೋಶದ ಸಹಜ ಗಡಿಗಳನ್ನು ಲೆಕ್ಕಿಸದೆ ಕಿರಣ ಹಾದ ಜಾಗಕ್ಕೆ ಹೊಂದಿಕೊಂಡಿದ್ದರೆ ಅದು ಬಲವಾದ ಸುಳಿವು. ಆದ್ದರಿಂದ ಚಿಕಿತ್ಸೆಯ ಯೋಜನೆಯ ನಕ್ಷೆಯನ್ನೂ ಹೊಸ ಸ್ಕ್ಯಾನನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಉಪಯುಕ್ತ. ನಿಮ್ಮ ವಿಕಿರಣ ತಜ್ಞರಿಗೆ ಚಿತ್ರಗಳನ್ನು ಕಳುಹಿಸುವಂತೆ ಕೋರಿಕೊಳ್ಳಿ. ಐ.ಎಲ್.ಡಿ. ಇರುವವರಲ್ಲಿ ನೆರಳು ಆ ಜಾಗದಾಚೆಗೂ ಹಬ್ಬಿದ್ದರೆ ಇಡೀ ಕಾಯಿಲೆಯೇ ಉಲ್ಬಣಗೊಂಡಿರುವ ಸಂಶಯ ಮೂಡುತ್ತದೆ. ಅಂಥವರನ್ನು ಮನೆಗೆ ಕಳುಹಿಸದೆ ದಾಖಲು ಮಾಡಿಕೊಳ್ಳುವುದೇ ಸರಿ.

ತೀವ್ರತೆಯನ್ನು ಐದು ದರ್ಜೆಗಳಲ್ಲಿ ಗುರುತಿಸುತ್ತಾರೆ. ಸ್ಕ್ಯಾನಿನಲ್ಲಿ ಮಾತ್ರ ಕಂಡು ರೋಗಿಗೆ ಏನೂ ಅನ್ನಿಸದಿದ್ದರೆ ಅದು ಮೊದಲ ದರ್ಜೆ. ಅದಕ್ಕೆ ಸಾಮಾನ್ಯವಾಗಿ ಔಷಧಿ ಬೇಡ, ನಿಗಾ ಸಾಕು. ಲಕ್ಷಣಗಳು ಕಾಣಿಸಿಕೊಂಡು ಔಷಧಿ ಬೇಕಾದರೆ ಎರಡನೆಯದು, ಆಮ್ಲಜನಕ ಬೇಕಾದರೆ ಮೂರನೆಯದು, ಜೀವಕ್ಕೇ ಅಪಾಯವಿದ್ದರೆ ನಾಲ್ಕನೆಯದು, ಐದನೆಯದು ಸಾವು.

ಸ್ಟೀರಾಯ್ಡ್ ಶುರುವಾದ ಮೇಲೆ

ಲಕ್ಷಣಗಳಿರುವ ನ್ಯುಮೋನೈಟಿಸ್‌ಗೆ ಮುಖ್ಯ ಔಷಧಿ ಪ್ರೆಡ್ನಿಸೋಲೋನ್. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ಸುಮಾರು 1 ಮಿಲಿಗ್ರಾಂ ಲೆಕ್ಕದಲ್ಲಿ ಎರಡು ವಾರಗಳಷ್ಟು ಕೊಟ್ಟು, ಆಮೇಲೆ ಆರರಿಂದ ಹನ್ನೆರಡು ವಾರಗಳಲ್ಲಿ ಹಂತಹಂತವಾಗಿ ಇಳಿಸುವುದು ವಾಡಿಕೆ. ಹೆಚ್ಚಿನವರಿಗೆ ಕೆಲವೇ ದಿನಗಳಲ್ಲಿ ಹಗುರೆನಿಸುತ್ತದೆ, ಮತ್ತು ಅನೇಕರು ಎಡವುವುದು ಸರಿಯಾಗಿ ಅಲ್ಲೇ. ಹಗುರಾಯಿತೆಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಉರಿಯೂತ ಮರುಕಳಿಸುತ್ತದೆ, ಜೊತೆಗೆ ದೇಹ ತಾನೇ ತಯಾರಿಸಬೇಕಾದ ಹಾರ್ಮೋನು ಸಾಲದೆ ಕುಸಿದುಬೀಳುವ ಅಪಾಯವೂ ಇದೆ. ಇಳಿಸುವ ವೇಳಾಪಟ್ಟಿಯನ್ನು ದಿನಾಂಕಗಳ ಸಹಿತ ಬರೆಸಿಕೊಳ್ಳಿ. ಪ್ರಮಾಣ ಇಳಿಸಿದ ನಂತರದ ಪ್ರತಿ ವಾರವೂ ಮೊದಲು ಹೇಳಿದ ನೋಟ್‌ಬುಕ್ಕನ್ನು ತಪ್ಪದೆ ಬರೆಯಿರಿ. ಅಂಕಿ ಮತ್ತೆ ಇಳಿಯತೊಡಗಿದರೆ ಮುಂದಿನ ಹಂತಕ್ಕೆ ಹೋಗದೆ ವೈದ್ಯರನ್ನು ಕೇಳಿ.

ಮಾತ್ರೆಯನ್ನು ಬೆಳಿಗ್ಗೆ ಆಹಾರದ ನಂತರ ತೆಗೆದುಕೊಂಡರೆ ಹೊಟ್ಟೆಯುರಿ ಮತ್ತು ನಿದ್ದೆಗೇಡು ಕಡಿಮೆ. ಮಧುಮೇಹಿಗಳಲ್ಲಿ ಸಕ್ಕರೆ ಏರುವುದು ಬಹುತೇಕ ಖಚಿತ. ಇಲ್ಲದವರಲ್ಲಿಯೂ, ಮುಖ್ಯವಾಗಿ ಮಧ್ಯಾಹ್ನದ ಮೇಲೆ, ಏರಬಹುದಾದ್ದರಿಂದ ಪರೀಕ್ಷಿಸುತ್ತಿರಬೇಕು. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚಿನ ಪ್ರಮಾಣವನ್ನು ನಾಲ್ಕು ವಾರ ಮೀರಿ ತೆಗೆದುಕೊಳ್ಳುವವರಿಗೆ ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದಿಂದ ಬರುವ ನ್ಯುಮೋನಿಯಾವನ್ನು ತಡೆಯಲು ಕೋಟ್ರೈಮೊಕ್ಸಜೋಲ್ ಕೊಡುವ ಪದ್ಧತಿಯಿದೆ; ವೈದ್ಯರ ಚೀಟಿಯಲ್ಲಿ ಅದಿಲ್ಲದಿದ್ದರೆ ನೆನಪಿಸಿ. ಮೂಳೆಗಳಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬೇಕೇ ಎಂದೂ ಕೇಳಿ. ಹಿಂದೆ ಎಂದಾದರೂ ಕ್ಷಯ ಅಥವಾ ಹೆಪಟೈಟಿಸ್-ಬಿ ಬಂದಿದ್ದರೆ ಸ್ಟೀರಾಯ್ಡ್ ಆರಂಭಿಸುವ ಮೊದಲೇ ತಿಳಿಸಬೇಕು, ಏಕೆಂದರೆ ಮಲಗಿದ್ದ ಸೋಂಕು ಅದರಿಂದ ಎಚ್ಚರಗೊಳ್ಳಬಹುದು.

ಮುಂದಿನ ಚಿಕಿತ್ಸೆಗಳು

ವಿಕಿರಣದ ನಂತರ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಚಿಕಿತ್ಸೆ, ಪಡೆಯುವವರಲ್ಲಿ ಈ ಅಪಾಯ ತುಸು ಹೆಚ್ಚುತ್ತದೆ. 2017ರಲ್ಲಿ ಪ್ರಕಟವಾದ ಪೆಸಿಫಿಕ್ ಪ್ರಯೋಗದಲ್ಲಿ ದುರ್ವಾಲುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಿ ಪಡೆದವರಲ್ಲಿ ಶೇ. 33.9ರಷ್ಟು ಮಂದಿಗೆ ಯಾವುದಾದರೊಂದು ದರ್ಜೆಯ ನ್ಯುಮೋನೈಟಿಸ್ ಬಂತು. ಔಷಧಿಯಿಲ್ಲದ ಗುಂಪಿನಲ್ಲಿ ಅದು ಶೇ. 24.8. ತೀವ್ರ ದರ್ಜೆಯವು ಕ್ರಮವಾಗಿ ಶೇ. 3.4 ಮತ್ತು 2.6 ಮಾತ್ರ. ಇದರಿಂದ ಇಮ್ಯುನೋಥೆರಪಿಯನ್ನು ಬಿಡಬೇಕೆಂದಾಗುವುದಿಲ್ಲ. ಎಚ್ಚರದ ಅವಧಿಯನ್ನು ಆರು ತಿಂಗಳಿಗೆ ನಿಲ್ಲಿಸದೆ ಆ ಚಿಕಿತ್ಸೆ ಮುಗಿದ ಕೆಲವು ತಿಂಗಳವರೆಗೂ ಚಾಚಬೇಕೆಂದಾಗುತ್ತದೆ. ಜೆಮ್ಸಿಟಾಬಿನ್ ಅಥವಾ ಟ್ಯಾಕ್ಸೇನ್ ಗುಂಪಿನ ಔಷಧಿಗಳನ್ನು ತಿಂಗಳುಗಳ ನಂತರ ಕೊಟ್ಟಾಗಲೂ ಹಿಂದೆ ವಿಕಿರಣ ಬಿದ್ದ ಜಾಗ ಮತ್ತೆ ಕೆರಳುವುದುಂಟು. ಹಾಗಾಗಿ ಹೊಸ ಔಷಧಿ ಆರಂಭಿಸುವ ಪ್ರತಿ ಸಲವೂ ವಿಕಿರಣದ ವಿವರವಿರುವ ಆ ಚೀಟಿಯನ್ನು ತೋರಿಸಿ.

ಒಂದೆರಡು ವರ್ಷಗಳಲ್ಲಿ ಉರಿಯೂತದ ಜಾಗ ಗಟ್ಟಿಯಾದ ಕಲೆಯಾಗಿ ನೆಲೆನಿಲ್ಲುತ್ತದೆ. ಮುಂದೆ ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಅದೇ ಕಲೆ ಹೊಸ ಗಡ್ಡೆಯಂತೆ ಅಥವಾ ಹಳೆಯ ಕ್ಷಯದಂತೆ ಕಾಣಿಸಿ ಅನಗತ್ಯ ಬಯಾಪ್ಸಿಯವರೆಗೆ ಒಯ್ಯಬಹುದು. ಹಿಂದಿನ ಸ್ಕ್ಯಾನುಗಳ ಸಿ.ಡಿ.ಗಳನ್ನು ಎಸೆಯದೆ, ದಿನಾಂಕದ ಕ್ರಮದಲ್ಲಿ ಜೋಡಿಸಿ, ಹೊಸ ಸ್ಕ್ಯಾನಿಗೆ ಹೋಗುವಾಗ ಜೊತೆಗೆ ಒಯ್ಯಿರಿ.